ಇಲ್ಲದ ಕಾಲಿಗೆ ತಣ್ಣೀರು

ಬಾಳವ್ವ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿದ್ದ ರೊಟ್ಟಿಗೆ ನೀರು ಸವರಿ, ಅದು ಒಣಗುವಷ್ಟರಲ್ಲಿ ಪರಾತದಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಅರ್ಧ ಅಗಲ ಮಾಡಿದ್ದಳು. ಆಗ ಅವಳ ಬಲಗಾಲಿನ ಮೇಲೆ ಯಾರೋ ತಣ್ಣೀರು ಸುರಿದಂತಾಯಿತು.

ಕೈ ನಿಂತಿತು. ಬಗ್ಗಿ ನೋಡಿದಳು. ಶಹಾಬಾದ್ ಕಲ್ಲಿನ ನೆಲ ಒಣಗಿಯೇ ಇತ್ತು. ಕಾಲೂ ಒಣಗಿತ್ತು, ಮೇಲೆ ಹಿಟ್ಟಿನ ಪುಡಿ ಉದುರಿತ್ತು ಅಷ್ಟೇ. ಆದರೂ ನೀರು ಹರಿಯುತ್ತಲೇ ಇತ್ತು. ಹಿಮ್ಮಡಿ ತಣ್ಣಗಾಯಿತು, ಅಂಗಾಲು ತಣ್ಣಗಾಯಿತು. ಆಮೇಲೆ ಬೆರಳುಗಳು ಬಹಳ ಸುಖದಲ್ಲಿ ಇರುವವರ ಬೆರಳಿನಂತೆ ಅಗಲವಾಗಿ ಬಿಚ್ಚಿಕೊಂಡವು. ಅವಳ ಸ್ವಂತ ಬೆರಳುಗಳು ಮಾತ್ರ ಅಲುಗದೆ ನೆಲಕ್ಕೆ ಅಂಟಿಕೊಂಡಿದ್ದವು.

ಹಂಚಿನಿಂದ ಕರಕು ವಾಸನೆ ಎದ್ದಿತು. ರೊಟ್ಟಿ ಹೊತ್ತಿತ್ತು.

"ಏನಿದು?" ಎಂದು ಬಾಳವ್ವ ತನ್ನಷ್ಟಕ್ಕೆ ಕೇಳಿಕೊಂಡಳು. ಅದು ತನ್ನ ಕಾಲಲ್ಲ, ಗಂಡನ ಕಾಲು ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟಾದರೆ ಚಿಂತೆ ಇರಲಿಲ್ಲ. ಗಂಡನಿಗೆ ಬಲಗಾಲೇ ಇರಲಿಲ್ಲ. ಅದೇ ತೊಡಕಾಗಿತ್ತು.

ಹವಾಲ್ದಾರ್ ಅಡಿವೆಪ್ಪನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದು ಮೂವತ್ತು ವರ್ಷದ ಮೇಲಾಗಿತ್ತು. ಎತ್ತರದ ಹಿಮದ ಠಾಣೆಯಲ್ಲಿ ಕಾಲು ಸತ್ತುಹೋಯಿತು ಎಂದಷ್ಟೇ ಅವನು ಮನೆಯಲ್ಲಿ ಹೇಳಿದ್ದ. ಹೀಗೆ ತೆಗೆದ ಕಾಲು ಸುಮ್ಮನಿರುವುದಿಲ್ಲ. ಕಾಲು ಹೋದರೂ ಕಾಲಿನ ನರ ತೊಡೆಯಲ್ಲಿ ಉಳಿದಿರುತ್ತದೆ, ಅದು ಇಲ್ಲದ ಪಾದದ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಲೇ ಇರುತ್ತದೆ. ಇದನ್ನು ವೈದ್ಯರು ಹಳೆಯ ಕಾಲದಿಂದಲೂ ಬಲ್ಲರು. ಆ ನರವನ್ನು ತಣಿಸುವ ಒಂದು ಸಣ್ಣ ಬಿಲ್ಲೆ ಈಗ ಬಂದಿತ್ತು. ತೊಡೆಯ ಚರ್ಮದ ಕೆಳಗೆ ಅದನ್ನಿಟ್ಟರೆ ಸುಳ್ಳು ಸುದ್ದಿ ನಿಲ್ಲುತ್ತಿತ್ತು. ಆದರೆ ಬಿಲ್ಲೆಗಳು ಕಡಿಮೆ, ಬೇಕಾದವರು ಬಹಳ. ಯಾರಿಗೆ ನೋವು ಹೆಚ್ಚೋ ಅವರಿಗೆ ಮೊದಲು ಎಂದು ಸರ್ಕಾರ ಹೇಳಿತ್ತು. ನೋವನ್ನು ಅಳೆಯುವ ಕೆಲಸ ಬೆಳಗಾವಿಯ ಹೊರಗಿದ್ದ ಮಾಜಿ ಸೈನಿಕರ ಆರೈಕೆ ಕೇಂದ್ರಕ್ಕೆ ಬಂದಿತ್ತು.

ಅಲ್ಲಿಯೇ ಸಿಕ್ಕು ಶುರುವಾದದ್ದು. ಕೇಂದ್ರದ ಯಂತ್ರ ನರದಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುತ್ತಿತ್ತು. ಅದು ನೋವೋ ತುರಿಕೆಯೋ ಬರೀ ಚಳಿಯೋ ಎಂದು ಹೇಳಲು ಅದಕ್ಕೆ ಬರುತ್ತಿರಲಿಲ್ಲ. ಅದನ್ನು ಅನುಭವಿಸಿದ ಮನುಷ್ಯನೇ ಹೇಳಬೇಕು. ಮಾಜಿ ಸೈನಿಕರನ್ನು ಕೇಳಿದರೆ ಒಬ್ಬೊಬ್ಬರೂ ಎದೆ ಸೆಟೆದು ಕೂತು "ಎಲ್ಲಾ ಠೀಕ್ ಐತ್ರಿ" ಎನ್ನುತ್ತಿದ್ದರು. ಪಲ್ಟನ್ನಿನಲ್ಲಿ ಇದ್ದಷ್ಟು ಕಾಲ ಜಡ್ಡು ಎಂದವರ ದರ್ಜೆ ಇಳಿಯುತ್ತಿತ್ತು, ಅವರನ್ನು ಹಿಂದೆ ಬಿಟ್ಟು ಉಳಿದವರು ಮುಂದೆ ಹೋಗುತ್ತಿದ್ದರು. ನಾಲಿಗೆಗೆ ಹತ್ತಿದ ಅಭ್ಯಾಸ ಪಿಂಚಣಿ ಬಂದ ಮೇಲೂ ಹೋಗಿರಲಿಲ್ಲ.

ಅದಕ್ಕೇ ಜೋಡುಪಟ್ಟಿ ಬಂತು. ಒಂದು ಪಟ್ಟಿ ಗಂಡನ ಬಲ ತೊಡೆಗೆ, ಇನ್ನೊಂದು ಹೆಂಡತಿಯ ಬಲ ತೊಡೆಗೆ. ಅವನ ನರದ ಸುದ್ದಿಯ ಹತ್ತರಲ್ಲಿ ಒಂದು ಪಾಲನ್ನು ಅದು ಇವಳ ನರಕ್ಕೆ ದಾಟಿಸುತ್ತಿತ್ತು. ಇವಳು ಸಂಜೆ ಪಟ್ಟಿಯ ಹತ್ತಿರ ಬಾಯಿಟ್ಟು ಇವತ್ತು ನೋವು ಹತ್ತಕ್ಕೆ ಎಷ್ಟಿತ್ತು ಎಂದು ಹೇಳಿದರಾಯಿತು. ಹೆಂಗಸರು ಸುಳ್ಳು ಹೇಳುವುದಿಲ್ಲ ಎಂದು ಕೇಂದ್ರದವರು ನಂಬಿದ್ದರು. ಅದೇನೋ ನಿಜವೇ ಆಗಿತ್ತು. ಬಾಳವ್ವ ಒಂದು ದಿನವೂ ಸುಳ್ಳು ಹೇಳಲಿಲ್ಲ.

ಮಧ್ಯಾಹ್ನ ಅಡಿವೆಪ್ಪ ಕ್ಯಾಂಟೀನಿನಿಂದ ಬಂದ. ಮಾಜಿ ಸೈನಿಕರ ಕ್ಯಾಂಟೀನಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ದಿನಾ ಬೆಳಿಗ್ಗೆ ಹಳೆಯ ಗೆಳೆಯರು ಸೇರುತ್ತಿದ್ದರು. ಕೃತಕ ಕಾಲನ್ನು ಎಳೆದುಕೊಂಡು ಹೊಸ್ತಿಲು ದಾಟಿದವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮೀಸೆಯ ಮೇಲೆ ಬೆವರಿತ್ತು.

"ಕಾಲು ಹೆಂಗೈತ್ರಿ?" ಎಂದಳು ಬಾಳವ್ವ.

"ಠೀಕ್."

"ನೀರಾಗ ಇಟ್ಟಿದ್ರೇನು?"

ಅವನು ಬೆಚ್ಚಿ ಅವಳನ್ನು ನೋಡಿದ. "ಯಾವ ನೀರು?"

"ತಣ್ಣೀರು ರೀ. ನಿಮ್ಮ ಕಾಲು ಮುಂಜಾನೆ ಏನ್ ಆರಾಮ ಇತ್ತು ಅಂತೀರಿ! ಬೆರಳು ಹಿಂಗ ಹಿಂಗ ಆಡಸಾಕತ್ತಿತ್ತು."

"ಹಂಗಾರ ಚಲೋ ಆತಲ್ಲ," ಎಂದು ಅಡಿವೆಪ್ಪ ತಿರುಗಿ ನಿಂತ. "ರೊಟ್ಟಿ ಹಾಕು. ಇದ್ಯಾಕ ಕರ್ರಗಾಗೈತಿ?"

"ನಿಮ್ಮ ಕಾಲಿಂದನ ಹೊತ್ತಿದ್ದು."

ಊಟವಾದ ಮೇಲೆ ಅವನು ಒಳಕೋಣೆಯಲ್ಲಿ ಕದ ಮುಂದೆ ಮಾಡಿಕೊಂಡು ಮಲಗಿದ. ಮೊಂಡುಗಾಲನ್ನು ಅವನು ಮದುವೆಯಾದ ಹೆಂಡತಿಗೂ ತೋರಿಸುತ್ತಿರಲಿಲ್ಲ. ಕೃತಕ ಕಾಲು ಬಿಚ್ಚುವಾಗ ಮೊದಲು ಲುಂಗಿ ಮುಚ್ಚಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ಕದದ ಸಂದಿಯಿಂದ ಬಾಳವ್ವ ನೋಡಿದಳು. ಟಾವೆಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗೋಡೆಯ ಕಡೆ ಮುಖ ಮಾಡಿದ್ದ. ಬೆನ್ನು ಬಿಲ್ಲಾಗಿತ್ತು.

ಅವಳ ಬಲಗಾಲಿಗೆ ಮಾತ್ರ ಆ ಹೊತ್ತಿನಲ್ಲಿ ಗಾಳಿಗೆ ಒಡ್ಡಿದಂತೆ ಹಾಯೆನಿಸುತ್ತಿತ್ತು. ಯಾರೋ ಮೋಟಾರ್ ಸೈಕಲ್ ಮೇಲೆ ಹೋದಂತೆ.

ಹೀಗೆ ಆರು ತಿಂಗಳು ಕಳೆದಿದ್ದವು. ಕೇಂದ್ರದ ಅಳತೆಯ ಕೋಣೆಯಲ್ಲಿ ತಂಪು ಜಾಸ್ತಿ. ಬಾಳವ್ವ ಸೆರಗು ಹೊದ್ದು ಕೂತಳು. ಡಾಕ್ಟರ್ ರುಬೀನಾ ಮುಜಾವರ ಗೋಡೆಯ ಪರದೆಯ ಮೇಲೆ ಗೆರೆಗಳನ್ನು ತೋರಿಸಿದಳು. ಮೊದಲ ದಿನದ ಗೆರೆ ಹಲ್ಲು ಹಲ್ಲಾಗಿ ಮೇಲೆದ್ದಿತ್ತು. ಆಮೇಲೆ ಎಲ್ಲವೂ ಕೆರೆಯ ನೀರಿನಂತೆ ಶಾಂತ.

"ಬಾಳವ್ವಾರ, ನಾ ಎಷ್ಟು ಖುಷಿಯಾಗೇನಿ ಗೊತ್ತೇನ್ರಿ?" ಎಂದಳು ಡಾಕ್ಟರ್. "ಇಲ್ಲದ ಪಾದ ಬಿಗಿಹಿಡಿದುಕೊಂಡಿರೋದ ನೋವಿಗೆ ಕಾರಣ. ಯಜಮಾನ್ರ ಪಾದ ಸಡಿಲಾಗೇತಿ. ಬೆರಳು ಆಡಸತೈತಿ, ನೀರಿನ ತಂಪು ತಿಳೀತೈತಿ. ಬಿಲ್ಲೆ ಇಲ್ದನ ಹಿಂಗಾಗಿರೋದನ್ನ ನಾವು ಎಲ್ಲೂ ನೋಡಿಲ್ಲ."

"ಅಂದ್ರ ಆರಾಮಾದ್ರು ಅಂತೀರೇನು?"

"ನಾ ಹೇಳೋದಲ್ಲ, ನೀವ ಹೇಳೀರಿ. ದಿನಾ ಸಂಜಿಕ ಸೊನ್ನಿ, ಇಲ್ಲಾ ಒಂದು ಅಂತೀರಿ."

"ನಾ ಅನ್ನೋದು ಖರೇನ. ನನಗ ತಿಳಿಯೋದು ಅಷ್ಟ." ಬಾಳವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಆದ್ರ ಡಾಕ್ಟರ ಬಾಯಾರ, ಮಧ್ಯಾಹ್ನ ಮಲಗಿದಾಗ ಅವರು ಟಾವೆಲ್ ಕಚ್ಚತಾರ್ರಿ. ನಾ ಕಣ್ಣಾರೆ ನೋಡೇನಿ. ನೋವು ಇಲ್ದವರು ಯಾಕ ಕಚ್ಚಬೇಕು?"

ಡಾಕ್ಟರ ಬೆರಳು ಗೆರೆಯ ಮೇಲೆ ನಿಂತಿತು. "ನೀವು ನೋಡಿದಾಗ ನಿಮಗೇನಾಗಿತ್ತು?"

"ಹಾಯೆನಸಾಕತ್ತಿತ್ತು."

ಡಾಕ್ಟರ್ ಒಮ್ಮೆ ಬಾಳವ್ವನನ್ನು, ಒಮ್ಮೆ ಗೋಡೆಯನ್ನು ನೋಡಿದಳು. ಹಳೆಯ ನೋವಿನ ನೆನಪಿಗೆ ದೇಹ ಹಾಗೆ ಮಾಡಬಹುದು ಎಂದಳು. ಹೇಳಿದ ಮೇಲೆ ತಾನೇ ತಲೆಯಾಡಿಸಿ, "ಅದೂ ನನಗ ಪೂರಾ ಒಪ್ಪಿಗಿ ಇಲ್ಲ," ಎಂದಳು.

ಆಮೇಲೆ ವಿಷಯಕ್ಕೆ ಬಂದಳು. ಬಿಲ್ಲೆ ಯಾರಿಗೆ ಎಂದು ತೀರ್ಮಾನಿಸುವ ಸಮಿತಿ ದಿಲ್ಲಿಯಲ್ಲಿ ಬರುವ ಸೋಮವಾರ ಕೂರುವುದಿತ್ತು. ಜೋಡುಪಟ್ಟಿಯ ಲೆಕ್ಕದಲ್ಲಿ ಅಡಿವೆಪ್ಪ ಗುಣವಾದವರ ಸಾಲಿಗೆ ಬಿದ್ದಿದ್ದ. ಬಿಲ್ಲೆ ಅವನಿಗೆ ಬರುವುದಿಲ್ಲ. ವಾರಕ್ಕೊಮ್ಮೆ ಮನೆಗೆ ಬಂದು ಕಾಲು ತಿಕ್ಕಿ ವ್ಯಾಯಾಮ ಮಾಡಿಸುವವರೂ ಮುಂದಿನ ತಿಂಗಳಿಂದ ಬರುವುದಿಲ್ಲ. ಒಮ್ಮೆ ಆ ಸಾಲಿಗೆ ಹೋದವರನ್ನು ಮತ್ತೆ ಅಳೆಯುವ ಕ್ರಮವಿರಲಿಲ್ಲ.

"ಇದನ್ನ ತಿದ್ದಾಕ ಏನೂ ಇಲ್ಲೇನ್ರಿ?"

"ಒಂದ ಒಂದು ಐತಿ. ಅವರು ಸ್ವಂತ ಕೈಯಾಗ ಬರೆದ ಹೇಳಿಕಿ. ಅದು ಬಂದ್ರ ಪಟ್ಟಿಯ ಅಳತಿ ಬದಿಗೆ ಸರೀತೈತಿ. ಮಷೀನಿನ್ಯಾಗ ಬಂದಿದ್ದು ನಡೆಯೂದಿಲ್ಲ, ಟಪಾಲಿನ್ಯಾಗ ಬರಬೇಕು. ನಾವು ಮೊದಲನೇ ತಿಂಗಳ ಕೇಳೇವಿ. ಅವರು ಬರದಿಲ್ಲ."

ಬಾಳವ್ವನಿಗೆ ಅದು ಗೊತ್ತಿತ್ತು. ವಿಳಾಸ ಅಚ್ಚಾದ ಲಕೋಟೆ ದೇವರ ಮಾಡದಲ್ಲಿ ಊದಿನಕಡ್ಡಿಯ ಪೊಟ್ಟಣದ ಕೆಳಗಿತ್ತು. ಬರೀರಿ ಎಂದಾಗಲೆಲ್ಲ ಅವನು, ನಾಳೆ, ಎನ್ನುತ್ತಿದ್ದ.

ಅಂದಿನಿಂದ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಹೊಸದರಲ್ಲಿ, ಕೇಂದ್ರದಲ್ಲಿ ಮೊದಲ ಬಾರಿ ಪಟ್ಟಿ ಜೋಡಿಸಿ ಗುಂಡಿ ಒತ್ತಿದಾಗ, ಅವಳು ಒದರಿ ಕುರ್ಚಿಯಿಂದ ಬಿದ್ದಿದ್ದಳು. ಏನಾಯಿತೆಂದು ಹೇಳಲೂ ಆಗಿರಲಿಲ್ಲ, ಬೆಂಕಿಯೋ ಮಂಜೋ ತಿಳಿದಿರಲಿಲ್ಲ. ಡಾಕ್ಟರ್ ಓಡಿ ಬಂದು ಕಡಿಮೆ ಮಾಡಿದ್ದಳು. ಮಾರನೆಯ ದಿನದಿಂದ ಅಂಥದ್ದು ಬಂದೇ ಇರಲಿಲ್ಲ. ನನ್ನ ನರವೇ ಸತ್ತಿತೇನೋ ಎಂದುಕೊಂಡಳು. ತೊಡೆ ಚಿವುಟಿಕೊಂಡಳು, ನೋಯಿತು. ಬಿಸಿ ಚಾ ಲೋಟ ಪಾದಕ್ಕೆ ತಾಗಿಸಿದಳು, ಸುಟ್ಟಿತು. ನರ ಚೆನ್ನಾಗಿಯೇ ಇತ್ತು. ಹಾಗಾದರೆ ಕಣ್ಣು ಸುಳ್ಳೋ ಕಾಲು ಸುಳ್ಳೋ?

ಒಂದು ದಿನವಂತೂ ಆ ಕಾಲು ಮೆಟ್ಟಿಲು ಹತ್ತಿತು. ಎಣಿಸದೇ ಸರಸರ ಹತ್ತಿತು. ಅಡಿವೆಪ್ಪ ಆಗ ಅವಳೆದುರಿಗೇ ಕೂತು ಶೇಂಗಾ ಸುಲಿಯುತ್ತಿದ್ದ.

"ನೀವೀಗ ಎಲ್ಲಿ ಹೊಂಟೀರಿ?" ಎಂದು ಬಾಳವ್ವ ಕೇಳಿದಳು.

"ನಿನಗ ಹುಚ್ಚು ಹಿಡದೈತೇನು? ಇಲ್ಲೇ ಕುಂತೇನಲ್ಲ."

"ಅದ ನನಗೂ ತಿಳಿವಲ್ದು."

ಅವನು ಶೇಂಗಾ ಸಿಪ್ಪೆಯನ್ನು ಗುಡ್ಡೆ ಮಾಡುತ್ತ ತಲೆ ತಗ್ಗಿಸಿಕೊಂಡ. ಅವಳು ಪತ್ರದ ಮಾತೆತ್ತಿದಳು. ಸೋಮವಾರ ಸಮಿತಿ ಎಂದಳು. ಅವನು, "ಠೀಕ್ ಇದ್ದವರಿಗೆ ಯಾಕ ಬಿಲ್ಲಿ? ಬ್ಯಾರೆ ಯಾರಿಗರ ಆಗತೈತಿ," ಎಂದ. ಹೇಳುವಾಗ ಬಲ ತೊಡೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ.

ಬುಧವಾರ ಕೇಂದ್ರದಲ್ಲಿ ಹೆಂಗಸರ ಕೂಟವಿತ್ತು. ಗಂಡಸರು ಎದುರಿಗಿದ್ದರೆ ಹೆಂಡಂದಿರು ಬಾಯಿ ಬಿಡುವುದಿಲ್ಲ ಎಂದು ಕೇಂದ್ರ ಪಟ್ಟಿ ತೊಟ್ಟ ಹೆಂಗಸರನ್ನಷ್ಟೇ ಕರೆಯುತ್ತಿತ್ತು. ಬಲಗಾಲು ಕಳೆದುಕೊಂಡವರ ಮನೆಯವರು ಗೋಡೆಯ ಬದಿಗೆ ಕೂತಿದ್ದರು. ಬಾಳವ್ವನ ಎಡಕ್ಕೆ ಮಹಾನಂದಾ, ಅವಳಾಚೆ ಹೌಸಾಬಾಯಿ. ಡಾಕ್ಟರ್ ಏನೋ ಹೇಳುತ್ತಿದ್ದಳು. ಆಗ ಮೂವರೂ "ಅಯ್ಯಯ್ಯವ್ವಾ!" ಎಂದು ಒಟ್ಟಿಗೇ ಬಗ್ಗಿ ಬಲಗಾಲಿನ ಹರಡಿನ ಮೇಲೆ, ಪಾದದ ಗಂಟಿಗೆ, ಫಟ್ಟನೆ ಹೊಡೆದುಕೊಂಡರು.

ಡಾಕ್ಟರ್ ಮಾತು ಅರ್ಧಕ್ಕೆ ಬಿಟ್ಟು ಅವರ ಕಡೆ ತಿರುಗಿದಳು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮೂವರ ಕೈಯೂ ಒಟ್ಟಿಗೇ ಕೆಳಗಿಳಿದು ಅದೇ ಜಾಗವನ್ನು ಪರಪರ ಕೆರೆಯತೊಡಗಿತು.

"ಏನೋ ಕಡೀತ್ರಿ," ಎಂದಳು ಮಹಾನಂದಾ.

"ನನಗೂ," ಎಂದಳು ಹೌಸಾಬಾಯಿ. "ಇಲ್ಲೇ, ಹರಡಿನ ಗಂಟಿನ ಮ್ಯಾಲ."

"ನಿಮ್ಮನ್ಯಾಗೂ ಮುಂಜಾನೆ ತಣ್ಣೀರು ಬೀಳತೈತೇನ್ರಿ?" ಎಂದು ಬಾಳವ್ವ ಮೆಲ್ಲಗೆ ಕೇಳಿದಳು.

"ದಿನಾ! ನೀರು ಆದಮ್ಯಾಲ ಮೋಟಾರ್ ಸೈಕಲ್!"

ಡಾಕ್ಟರ್ ಗೋಡೆಯ ಬಳಿ ಓಡಿ ಮೂರು ಮನೆಯ ಗೆರೆಗಳನ್ನು ಒಂದರ ಮೇಲೊಂದು ಇಟ್ಟಳು. ಮೂರೂ ಕೂತು ಒಂದೇ ಗೆರೆಯಾದವು. ಅದಕ್ಕೂ ಮೊದಲು ಯಾರೂ ಹಾಗೆ ಇಟ್ಟು ನೋಡಿರಲಿಲ್ಲ. ಪ್ರತಿಯೊಬ್ಬರನ್ನೂ ಅವರ ಹಿಂದಿನ ದಿನದೊಂದಿಗಷ್ಟೇ ತೂಗುತ್ತಿದ್ದರು.

"ಒಬ್ಬರ ನೋವಿನ ಪಕ್ಕ ಇನ್ನೊಬ್ಬರದು ಇಟ್ಟು ನೋಡೂದು ಬ್ಯಾಡ ಅಂತ ನಾವ ನಿಯಮ ಮಾಡಿದ್ವಿ," ಎಂದಳು ಅವಳು. ಯಾರಿಗೆ ಹೇಳುತ್ತಿದ್ದೇನೆ ಎಂದು ಅವಳಿಗೇ ತಿಳಿದಂತಿರಲಿಲ್ಲ. ನಕಾಶೆ ತೆಗೆದು ಗಂಡಂದಿರ ಮೂರು ಪಟ್ಟಿಗಳೂ ಈಗ ಎಲ್ಲಿವೆ ಎಂದು ನೋಡಿದಳು. ಮೂರು ಚುಕ್ಕೆಗಳೂ ಒಂದೇ ಕಡೆ ಇದ್ದವು.

"ಅದು ಕ್ಯಾಂಟೀನಿನ ಶೆಡ್ಡು," ಎಂದಳು ಬಾಳವ್ವ.

ಕೇಂದ್ರದ ಜೀಪಿನಲ್ಲಿ ನಾಲ್ವರೂ ಹೋದರು. ಶೆಡ್ಡಿನ ಬೆಂಚಿನ ಮೇಲೆ ಅಡಿವೆಪ್ಪನ ಹಳೆಯ ಗೆಳೆಯ ಸುಬೇದಾರ್ ದತ್ತೋಬಾ ಪವಾರ ಕೂತಿದ್ದ. ಪ್ಯಾಂಟನ್ನು ಬಲ ತೊಡೆಯವರೆಗೆ ಮಡಚಿದ್ದ. ಗಟ್ಟಿಮುಟ್ಟಾದ ಆ ಕಾಲಿನ ಪಾದ ಬಕೀಟಿನ ನೀರಿನಲ್ಲಿತ್ತು. ತೊಡೆಗೆ ಒಂದರ ಮೇಲೊಂದು ಮೂರು ಪಟ್ಟಿ ಕಟ್ಟಿದ್ದ. ಬಳೆ ತೊಟ್ಟಂತೆ ಕಾಣುತ್ತಿತ್ತು. ಪಕ್ಕದಲ್ಲಿ ಅಡಿವೆಪ್ಪ ನೆಟ್ಟಗೆ ಕೂತಿದ್ದ. ಮಹಾನಂದಾಳ ಗಂಡನೂ ಹೌಸಾಬಾಯಿಯ ಗಂಡನೂ ಜೀಪು ನೋಡಿ ಕ್ಯಾಂಟೀನಿನ ಸರದಿ ಸಾಲಿನೊಳಗೆ ಸೇರಿಕೊಂಡರು.

ಪವಾರ ಪಾದವನ್ನು ನೆಲಕ್ಕಿಟ್ಟು ಎದ್ದು ನಿಂತ. ನೀರು ಚೆಲ್ಲಿ ಮೂರು ಹೆಂಗಸರ ಅಂಗಾಲಿಗೆ ಸಿಮೆಂಟಿನ ಒರಟು ತಾಗಿತು.

"ಬರ್ರಿ ವೈನಿ," ಎಂದ ಬಾಳವ್ವನಿಗೆ. "ಮತ್ತ… ಊಟ ಆತೇನು?"

"ಊಟದ ಮಾತು ಆಮ್ಯಾಲ ಆಡೂಣು. ಆರು ತಿಂಗಳಾತು ನಾ ನಿಮ್ಮ ಕಾಲು ಹೊತ್ತು ತಿರಗಾಕತ್ತೇನೇನ್ ಭಾವಾರ?"

"ತಪ್ಪು ತಿಳೀಬ್ಯಾಡ್ರಿ. ಡ್ಯೂಟಿ ಬದ್ಲಿ ಮಾಡಿದ್ವಿ ಅಷ್ಟ. ಪಲ್ಟನ್ನಿನ್ಯಾಗ ಒಬ್ಬಂವಗ ಆಗಲಿಲ್ಲ ಅಂದ್ರ ಅವನ ಪಹರೆ ಇನ್ನೊಬ್ಬ ನಿಂದರತಿದ್ದ. ಯಾರೂ ಕೇಳತಿರಲಿಲ್ಲ. ಇವರಿಗೆ ಬಲಗಾಲಿಲ್ಲ. ನನಗ ಐತಿ. ನಮ್ಮನಿಯಾಕಿ ಹೋದಮ್ಯಾಲ ನನ್ನ ಕಾಲು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ, ಖಾಲಿ ಬಿದ್ದಿತ್ತು. ದಿನಾ ತಣ್ಣೀರಾಗ ಇಟ್ಟು ಚಂದಂಗ ನೋಡಿಕೊಂಡೇನಿ. ಇವತ್ತೊಂದು ಗೊದ್ದ ಇರಿವಿ ಕಡದು ಘಾತ ಆತು."

ಹೌಸಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಹೊರಗೆ ಬಂತು. ಅದನ್ನು ನೋಡಿ ಮಹಾನಂದಾ ನಕ್ಕಳು. ಡಾಕ್ಟರೂ ನಕ್ಕಳು, ನಗುತ್ತ ನಗುತ್ತಲೇ ಬೆಂಚಿನ ತುದಿಗೆ ಕೂತು ಹಣೆ ಹಿಡಿದುಕೊಂಡಳು.

"ಅರ್ಧ ವರ್ಷದ ಅಳತಿ," ಎಂದಳು. "ಮೂರು ಮನಿದು. ಆರೋಗ್ಯವಂತ ಕಾಲಿನ ವರದಿ ದಿಲ್ಲಿಗೆ ಹೋಗೇತಿ. ನಾಳಿಂದ ಹೊಸದಾಗಿ ಅಳದ್ರೂ ಸೋಮವಾರಕ್ಕ ಮುಟ್ಟೂದಿಲ್ಲ." ಅಡಿವೆಪ್ಪನ ಕಡೆ ತಿರುಗಿದಳು. "ಹವಾಲ್ದಾರ ಸಾಹೇಬ್ರ, ಈಗ ನೀವ ಬರದು ಹೇಳಬೇಕು. ಬ್ಯಾರೆ ದಾರಿ ಇಲ್ಲ. ನಿಮಗ ನೋವು ಐತೋ ಇಲ್ಲೋ?"

ಅಡಿವೆಪ್ಪ ಎದೆ ಸೆಟೆಸಿದ. ಗದ್ದ ಮೇಲಾಯಿತು. ಬಾಳವ್ವ ಅವನ ತುಟಿಯನ್ನೇ ನೋಡುತ್ತಿದ್ದಳು.

"ಏನೂ ಇಲ್ರಿ," ಎಂದ.

ಮನೆಗೆ ಬಂದ ಮೇಲೆ ಅವಳು ಜಗಳವಾಡಲಿಲ್ಲ. ಪವಾರನ ತೊಡೆಯಿಂದ ಬಿಚ್ಚಿಸಿ ತಂದ ಪಟ್ಟಿಯನ್ನು ಒರೆಸಿ ಅವನ ಮುಂದಿಟ್ಟಳು.

"ಕಟ್ಟಿಕೊಳ್ರಿ."

"ಬ್ಯಾಡ."

"ಯಾಕ?"

"ಅವತ್ತ ಒದರಿ ಬಿದ್ದಿ. ಮರತಿಯೇನು?"

"ಒದರಿದಾಕಿ ನಾನು. ನೀವ್ಯಾಕ ಓಡಿ ಹೋದ್ರಿ?"

ಅಡಿವೆಪ್ಪ ಪಟ್ಟಿಯನ್ನು ಅವಳ ಕಡೆ ಸರಿಸಿದ. ಹೊರಗೆ ಒಬ್ಬ ಹಳೆ ಪಾತ್ರೆ, ಸ್ಟೀಲು ಎಂದು ಕೂಗುತ್ತ ಹೋದ.

"ನಿನಗ್ಯಾಕ ಬೇಕು ಅದು?" ಎಂದ ಕಡೆಗೆ. "ನನ್ನ ಪಾಲಿಂದು ನನ್ನ ಕೂಡ ಇರಲಿ."

"ಆರು ತಿಂಗಳು ಪವಾರ ಭಾವಾರ ಕಾಲು ಇಟ್ಟುಕೊಂಡೆ. ನಿಮ್ಮದು ಹೆಂಗೈತಿ ಅಂತ ನನಗ ಗೊತ್ತಿಲ್ಲ. ಮದುವಿ ಆಗಿ ಇಷ್ಟು ವರ್ಷಾತು, ನಿಮ್ಮ ಕಾಲು ಕಣ್ಣಿಂದನೂ ನೋಡಿಲ್ಲ. ಲುಂಗಿ ಸರಸ್ರಿ."

ಅವನು ಬಹಳ ಹೊತ್ತು ಸರಿಸಲಿಲ್ಲ. ಅವಳೂ ಏಳಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಸೀಯುವ ವಾಸನೆ ಬಂದರೂ ಏಳಲಿಲ್ಲ. ಆಮೇಲೆ ಅವನೇ ಮುಖ ಆ ಕಡೆ ತಿರುಗಿಸಿ ಲುಂಗಿಯನ್ನು ಮೇಲೆಳೆದ. ಮೊಂಡುಗಾಲು ಅವಳು ಅಂದುಕೊಂಡಷ್ಟು ಭಯಂಕರವಾಗಿರಲಿಲ್ಲ. ನುಣ್ಣಗಿತ್ತು. ಸ್ವಲ್ಪ ನಡುಗುತ್ತಿತ್ತು. ಬಾಳವ್ವ ಪಟ್ಟಿ ಕಟ್ಟಿದಳು. ತನ್ನ ಪಟ್ಟಿಯ ಮೇಲೆ ಅಂಗೈಯಿಟ್ಟು ಗೋಡೆಗೆ ಒರಗಿ ಕೂತಳು.

ಈ ಸಲ ಒದರಲಿಲ್ಲ. ಹಲ್ಲು ಕಚ್ಚಿ ಕಾಯ್ದಳು. ಮೊದಲು ಬೆಂಕಿಯೆನಿಸಿತು. ಆಮೇಲೆ ಬೆಂಕಿಯಲ್ಲ, ಚಳಿ ಎಂದು ತಿಳಿಯಿತು. ಪಾದದ ಸುತ್ತ ಏನೋ ಬಿಗಿದಿತ್ತು. ಒಳಗೆ ಒದ್ದೆ ಉಣ್ಣೆ ಗಟ್ಟಿಯಾಗಿ ಕಲ್ಲಾಗಿತ್ತು. ಬೆರಳುಗಳು ಒಂದರ ಮೇಲೊಂದು ಏರಿ ಕೂತಿದ್ದವು. ಹರಡಿನ ಮೇಲೆ ದಾರಗಳು ಅಡ್ಡಡ್ಡ ಹಾಯ್ದು ಎಲುಬಿನವರೆಗೆ ಇಳಿದಂತಿತ್ತು. ಜೀವಮಾನದಲ್ಲಿ ಚಪ್ಪಲಿ ಬಿಟ್ಟು ಬೇರೇನೂ ಮೆಟ್ಟದ ಬಾಳವ್ವನಿಗೆ ಇದು ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಬೂಟು," ಎಂದಳು. ಉಸಿರು ಕಟ್ಟುತ್ತಿತ್ತು. "ರೀ, ನನ್ನ ಕಾಲಾಗ ಬೂಟು ಐತಿ."

ಅಡಿವೆಪ್ಪ ತಿರುಗಿದ. ಅವನ ಮುಖದಲ್ಲಿ ರಕ್ತ ಇರಲಿಲ್ಲ.

"ಯಾರಿಗೂ ಹೇಳಿದ್ದಿಲ್ಲ," ಎಂದ. "ನಿನಗ ಹೆಂಗ ಗೊತ್ತಾತು?"

"ಗೊತ್ತಾಗಿಲ್ಲ, ಕಚ್ಚಾಕತ್ತೈತಿ. ಬಿಚ್ಚ್ರಿ ಇದನ್ನ. ಲೇಸು ಬಿಚ್ಚ್ರಿ!"

ಅವನು ಎದುರು ಕೂತು ಅವಳ ಬರಿಗಾಲನ್ನು ನೋಡಿದ. ಕಾಲುಂಗುರ, ಸೀಳು ಬಿಟ್ಟ ಹಿಮ್ಮಡಿ. ಅಲ್ಲಿ ಬೂಟಿರಲಿಲ್ಲ. ಆದರೂ ಅವನ ಕೈ ಹೋಯಿತು. ಬೆರಳುಗಳು ಅವಳ ಹರಡಿನ ಮೇಲೆ ಗಾಳಿಯಲ್ಲಿ ಗಂಟು ಹುಡುಕಿದವು. "ಬರ್ಫ್ ಕುಂತಿತ್ತು," ಎಂದ ಅವನು, ಗಂಟನ್ನು ಉಗುರಿನಿಂದ ಎಬ್ಬಿಸುತ್ತ. "ಪಹರೆ ಮ್ಯಾಲ ಇದ್ದೆ. ಒಳಗ ನೀರು ಹೊಕ್ಕಿತ್ತು. ಬಿಚ್ಚೂ ಆರ್ಡರ್ ಬರೂತನಕ ಬಿಚ್ಚಬಾರದು. ಹೇಳಿದ್ರ ಬಿಚ್ಚಸತಿದ್ರು. ಹೇಳಲಿಲ್ಲ. ಆಮ್ಯಾಲ ದವಾಖಾನಿಯಾಗ ಬೂಟು ಸಮೇತನ ಕೊಯ್ದ್ರು. ಅದನ್ನ ಬಿಚ್ಚಲೇ ಇಲ್ಲ." ಒಂದು ಎಳೆ ಸಡಿಲಿಸಿದಂತೆ ಕೈಯಾಡಿಸಿದ. ಇನ್ನೊಂದು. ಹರಡಿನಿಂದ ಬೆರಳಿನ ಕಡೆಗೆ, ದಾರ ದಾರವಾಗಿ. ಆಮೇಲೆ ಒಂದು ಕೈ ಹಿಮ್ಮಡಿಗೆ, ಒಂದು ಕೈ ಮುಂಗಾಲಿಗೆ ಹಿಡಿದು ಮೆಲ್ಲಗೆ ಎಳೆದ.

ಬಾಳವ್ವನ ಕಣ್ಣಲ್ಲಿ ನೀರು ಬಂತು. ಬೆರಳುಗಳು ಒಂದರಿಂದೊಂದು ಬಿಟ್ಟುಕೊಂಡವು. ಅವು ಅವಳ ಬೆರಳಲ್ಲ, ಪವಾರನವೂ ಅಲ್ಲ. ಅಷ್ಟು ಗೊತ್ತಾಯಿತು.

"ನಿಮಗೂ ಸಡಿಲಾತೇನ್ರಿ?"

ಅಡಿವೆಪ್ಪ ಮೊಂಡುಗಾಲನ್ನು ನೋಡಿಕೊಂಡ. ನಡುಕ ನಿಂತಿತ್ತು. ಅದು ಎಷ್ಟು ಹೊತ್ತು ಹಾಗಿತ್ತೋ, ಹೊರಗೆ ಬಿಸಿಲು ಇಳಿಯುವವರೆಗೂ ಇಬ್ಬರೂ ಅಲುಗಲಿಲ್ಲ. ಆಮೇಲೆ ಮತ್ತೆ ಬಿಗಿಯಿತು. ಇಬ್ಬರೂ ಒಟ್ಟಿಗೇ ತೊಡೆ ಹಿಡಿದುಕೊಂಡರು.

ಫೋನಿನಲ್ಲಿ ಡಾಕ್ಟರ್ ಎಲ್ಲ ಕೇಳಿಸಿಕೊಂಡಳು. ಕನ್ನಡಿಯಲ್ಲಿ ಇರುವ ಕಾಲನ್ನು ತೋರಿಸಿ ಇಲ್ಲದ ಕಾಲನ್ನು ಸಮಾಧಾನ ಮಾಡುವ ಹಳೆಯ ಪದ್ಧತಿಯೊಂದಿದೆ, ಇದು ಅದರಂತೆ ಇರಬಹುದು ಎಂದಳು. ಇಲ್ಲದೆಯೂ ಇರಬಹುದು. ಸುದ್ದಿ ಅವರಿಂದ ನಿಮಗೆ ಬರುವಂತೆ ಪಟ್ಟಿ ಮಾಡಿದ್ದೇವೆ, ನಿಮ್ಮಿಂದ ಅವರಿಗೆ ಹೋಗುವ ದಾರಿಯೇ ಇಲ್ಲ, ಮತ್ತೆ ಹೇಗೆ ಸಡಿಲಾಯಿತು ಎಂದಳು.

"ನನಗ ತಿಳೀವಲ್ದು ಬಾಳವ್ವಾರ," ಎಂದಳು ಕಡೆಗೆ. "ಖರೇನ ತಿಳೀವಲ್ದು. ಪತ್ರ?"

ಬಾಳವ್ವ ಒಳಗೆ ನೋಡಿದಳು. ಅಡಿವೆಪ್ಪ ಹಲಗೆಯ ಮೇಲೆ ಕಾಗದವಿಟ್ಟುಕೊಂಡು ಕೂತಿದ್ದ.

ಅವನಿಗೆ ಅರ್ಜಿ ಬರೆಯುವುದು ಗೊತ್ತಿತ್ತು. ಶ್ರೀಮಾನ್, ಸವಿನಯ ನಿವೇದನೆ ಏನೆಂದರೆ ಎಂದು ತುಂಬ ಅಂದವಾಗಿ ಬರೆದ. ಅಲ್ಲಿಗೆ ಪೆನ್ನು ನಿಂತಿತು. ಒಂದು ಕಾಗದ ಹರಿದ, ಇನ್ನೊಂದು ತೆಗೆದ. ಅದರಲ್ಲೂ ಅಲ್ಲಿಗೇ ನಿಂತ.

"ಏನಂತ ಬರೀಲಿ?"

"ನನಗ ಹೇಳಿದಂಗ ಬರೀರಿ."

"ಅದು ಅರ್ಜಿ ಆಗೂದಿಲ್ಲ."

"ಆಗದಿದ್ರ ಬಿಡ್ಲಿ."

ಮೂರನೆಯ ಕಾಗದದಲ್ಲಿ ಅವನು ಶ್ರೀಮಾನ್ ಅನ್ನು ಬಿಟ್ಟ. ಬಲಗಾಲಿನ ಬೂಟು ಇನ್ನೂ ಹಾಗೇ ಇದೆ, ಲೇಸು ಬಹಳ ಬಿಗಿಯಾಗಿದೆ, ಮಧ್ಯಾಹ್ನ ಹೆಚ್ಚು, ಹೆಂಡತಿ ಬಿಚ್ಚಿಸಿಕೊಂಡಾಗ ಸ್ವಲ್ಪ ಹೊತ್ತು ಸಡಿಲಾಯಿತು, ಆದರೆ ಅವಳಿಗೆ ದಿನಾ ಇದನ್ನು ಹೊರಿಸುವುದು ನನಗೆ ಆಗುವುದಿಲ್ಲ, ಆದ್ದರಿಂದ ತಾವು ಏನಾದರೂ ಮಾಡಿ, ಎಂದು ಬರೆದ. ಕೆಳಗೆ ಹೆಸರು, ಪಲ್ಟನ್ನಿನ ನಂಬರು. ಆಮೇಲೆ ಸ್ವಲ್ಪ ಯೋಚಿಸಿ ಅದರ ಕೆಳಗೆ, ನೋವು ಇದೆ, ಎಂದು ಸೇರಿಸಿದ. ಸೇರಿಸಿದ್ದನ್ನು ಹೊಡೆದುಹಾಕಲು ಪೆನ್ನು ಎತ್ತಿದ. ಬಾಳವ್ವ ಕಾಗದವನ್ನು ಅವನ ಕೈಯಿಂದ ಎಳೆದುಕೊಂಡು ಲಕೋಟೆಯೊಳಗೆ ಹಾಕಿದಳು.

ಗುರುವಾರ ಅಂಚೆ ಕಚೇರಿ ತೆರೆಯುವಷ್ಟರಲ್ಲಿ ಅವರು ಬಾಗಿಲಲ್ಲಿದ್ದರು. ಪಟ್ಟಿ ಇಬ್ಬರ ತೊಡೆಯಲ್ಲೂ ಇತ್ತು. ಇಬ್ಬರೂ ಬಲಗಾಲನ್ನು ಒಂದೇ ರೀತಿ ಎಳೆದು ನಡೆದದ್ದನ್ನು ನೋಡಿ ಬಾಗಿಲ ಬಳಿಯ ಜನ ದಾರಿ ಬಿಟ್ಟರು. ಹೆಜ್ಜೆಗೊಮ್ಮೆ ನೋವು ಬಂದಾಗ ಅದು ಅವನಿಂದ ಬಂದದ್ದೋ ತನ್ನ ಮೊಣಕಾಲಿನದೋ ಎಂದು ಬಾಳವ್ವನಿಗೆ ಈಗಲೂ ಹೇಳಲು ಬರುತ್ತಿರಲಿಲ್ಲ. ಕೇಳಿದರೆ ಅವನಿಗೂ ಬರುತ್ತಿರಲಿಲ್ಲವೇನೋ.

ಸ್ಪೀಡ್ ಪೋಸ್ಟಿನ ಕಿಟಕಿಯಲ್ಲಿ ಕನ್ನಡಕದ ಹೆಂಗಸು ಲಕೋಟೆಯನ್ನು ತೂಕದ ಮೇಲಿಟ್ಟಳು. ಅಡಿವೆಪ್ಪ ಲಕೋಟೆಯ ತುದಿಯನ್ನು ಇನ್ನೂ ಎರಡು ಬೆರಳಲ್ಲಿ ಹಿಡಿದಿದ್ದ.

"ಅಜ್ಜಾರ, ಬಿಡ್ರಿ. ಹಿಡಕೊಂಡ್ರ ತೂಕ ತಪ್ಪತೈತಿ."

ಅವನು ಬಿಟ್ಟ. ಅವಳು ಚೀಟಿ ಅಂಟಿಸಿ ಠಪ್ಪನೆ ಮುದ್ರೆ ಹೊಡೆದು ಹಿಂದಿನ ಚೀಲಕ್ಕೆ ಹಾಕಿದಳು.

"ಸೋಮವಾರದೊಳಗ ದಿಲ್ಲಿ ಮುಟ್ಟತೈತೇನ್ರಿ?" ಎಂದು ಬಾಳವ್ವ ಕೇಳಿದಳು.

"ಮುಟ್ಟಬೇಕ್ರಿ. ಗಾಡಿ ಹತ್ತಕ್ಕ ಹೋಗತೈತಿ."

ಅಡಿವೆಪ್ಪ ಕಿಟಕಿ ಬಿಟ್ಟು ಕದಲಲಿಲ್ಲ. ಹಿಂದೆ ನಿಂತವನೊಬ್ಬ ಕೆಮ್ಮಿದ.

"ಬಾಯಾರ," ಎಂದ ಅಡಿವೆಪ್ಪ, "ಈಗ ಅದನ್ನ ವಾಪಸ್ ತಗೊಳ್ಳಾಕ ಬರತೈತೇನು?"

"ಇಲ್ರಿ ಅಜ್ಜಾರ. ಚೀಲದಾಗ ಬಿತ್ತಲ್ಲ. ಇನ್ನ ಬರೂದಿಲ್ಲ."

ಅವನು ಚೀಲದ ಕಡೆ ಒಮ್ಮೆ ನೋಡಿದ. ಹೆಂಡತಿಯ ಭುಜದ ಮೇಲೆ ಕೈಯಿಟ್ಟು ಭಾರ ಬಿಟ್ಟುಕೊಂಡ.

"ಹಂಗಾರ ಚಲೋ ಆತು," ಎಂದ.